ಮೂವರನ್ನು ನೋಡಿ ಒಂದು ಗ್ರಹ

೧
ಎಲ್ಲಿಂದ ಶುರು ಮಾಡುವುದು? ನೌಕೆ ಇಳಿದಲ್ಲಿಂದಲೋ, ಗಾಜು ಒಡೆದಲ್ಲಿಂದಲೋ? ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತ, ಊಟದ ಬಿಡುವಿನಲ್ಲಿ ಅನ್ಯಗ್ರಹದ ಕಥೆ ಬರೆಯುವ ಆ ಹೆಂಗಸಿಗೆ ಹತ್ತು ದಿನದಿಂದ ಇದೇ ತಲೆಬಿಸಿ. ಮೊದಲ ಸಾಲನ್ನು ಏಳು ಸಲ ಹೊಡೆದುಹಾಕಿದ್ದಳು. ಎಂಟನೆಯದು ಉಳಿಯಿತು:

"ಮೂವರು ಇಳಿದರು. ಅವರನ್ನು ನೋಡಿದ್ದೇ ಸಾಕಾಯಿತು; ಅದು ಕ್ರೂರಿಗಳ ಗ್ರಹ."

(ಓದುಗರೇ, ಸಾಲು ಚೆನ್ನಾಗಿಯೇ ಇದೆ. ತೊಂದರೆ ಇರುವುದೇ ಅಲ್ಲಿ.)

೨
ಗಾಜಿನ ವಿಷಯ ಹೇಳಿಬಿಡುತ್ತೇವೆ. ಎಲ್ಲಿಂದಲೋ ಬಂದು ಊರಾಚೆಯ ಶೆಡ್ಡುಗಳಲ್ಲಿ ನೆಲೆಸಿದ್ದ ಜನರಲ್ಲಿ ಮೂವರು ಗಂಡಸರು, ರಿಪೋರ್ಟ್ ತಡವಾಯಿತೆಂದು ಕೌಂಟರಿನ ಗಾಜು ಒಡೆದಿದ್ದರು. ಚೂರೊಂದು ಅವಳ ಅಂಗೈ ಸೀಳಿತು. ಐದು ಹೊಲಿಗೆ. ಅಂದಿನಿಂದ ಬಾಗಿಲ ಸದ್ದಾದರೂ ಬೆಚ್ಚಿ ತಿರುಗಿ ನೋಡುತ್ತಿದ್ದಳು.

೩
(ಕೈಬಿಡಲಾಗಿದೆ. ಇಲ್ಲಿ ನೌಕೆಯ ವರ್ಣನೆ ಇತ್ತು. ನೀವೇನೂ ಕಳೆದುಕೊಂಡಿಲ್ಲ.)

೪
ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳ ಅಕ್ಕ, ಊಟದ ಡಬ್ಬಿ ಮುಚ್ಚುತ್ತ ಹಾಳೆ ಓದಿದಳು.

"ಅಲ್ವೇ, ಇಡೀ ಗ್ರಹದಲ್ಲಿ ಒಬ್ರಿಗೂ ಹಲ್ಲುನೋವು ಬರಲ್ವಾ? ಎಲ್ರೂ ಬೆಳಗೆದ್ದು ಕತ್ತಿ ಮಸೀತಾ ಕೂತಿರ್ತಾರಾ?"

"ಸೈನ್ಸ್ ಫಿಕ್ಷನ್ ಅಕ್ಕಾ. ಒಂದು ಗ್ರಹಕ್ಕೆ ಒಂದು ಸ್ವಭಾವ. ನಾನು ದಿನಾ ಮಾಡೋದೂ ಅದೇ ತಾನೆ? ನಾಲ್ಕು ಹನಿ ರಕ್ತ ನೋಡಿ ಇಡೀ ಮೈ ಹೇಗಿದೆ ಅಂತ ಹೇಳಲ್ವಾ?"

"ಮೈಯೆಲ್ಲಾ ಓಡಾಡೋದು ಒಂದೇ ರಕ್ತ ಕಣೇ. ಆ ಮೂರು ಜನ ಎಲ್ಲರ ಮೈಯಲ್ಲೂ ಓಡಾಡ್ತಾರಾ?"

ತಂಗಿಗೆ ಸಿಟ್ಟು ಬಂತು. ಪಾತ್ರವೂ ತಕರಾರು ತೆಗೆಯಿತು. (ಇಂಥ ಕಥೆಗಳಲ್ಲಿ ಪಾತ್ರಗಳಿಗೆ ಸಲಿಗೆ ಜಾಸ್ತಿ.) ಮೂವರಲ್ಲಿ ಕುಳ್ಳಗಿದ್ದವನು ಹಾಳೆಯಿಂದಲೇ ಕೇಳಿದ: "ಮೇಡಂ, ಊರಲ್ಲಿ ನನ್ನ ತಂಗಿ ಇದಾಳೆ. ಅವಳ ಬಗ್ಗೇನೂ ಎರಡು ಸಾಲು ಬರೀರಿ."

"ಜಾಗ ಇಲ್ಲ," ಎಂದು ಅವಳು ಪೆನ್ನು ಮುಚ್ಚಿದಳು.

೫
ಆ ಹೊತ್ತಿಗೇ ಕೌಂಟರಿಗೆ ಒಬ್ಬ ತಾಯಿ ಬಂದಳು. ಸೊಂಟದ ಮೇಲೆ, ಜ್ವರಕ್ಕೆ ಕಣ್ಣು ಬಿಡಲಾಗದ ಹೆಣ್ಣುಮಗು. ಡಾಕ್ಟರ ಚೀಟಿಯಲ್ಲಿ ವಿಳಾಸ: ಮೂವತ್ತೊಂದನೇ ಶೆಡ್ಡು.

"ಟೈಮ್ ಆಯ್ತು. ನಾಳೆ ಬನ್ನಿ," ಎಂದಳು ಲ್ಯಾಬಿನವಳು.

ಟೈಮ್ ಆಗಿರಲಿಲ್ಲ. ಲ್ಯಾಬ್ ಮುಚ್ಚಲು ಇನ್ನೂ ನಲವತ್ತು ನಿಮಿಷವಿತ್ತು. ಗಡಿಯಾರ ಆ ತಾಯಿಗೂ ಕಾಣುತ್ತಿತ್ತು. ಅವಳು ಗಡಿಯಾರ ನೋಡಿದಳು, ಲ್ಯಾಬಿನವಳ ಕೈಯ ಬ್ಯಾಂಡೇಜು ನೋಡಿದಳು.

"ತುಂಬಾ ನೋವಿದ್ಯಾ ಅಮ್ಮಾ?" ಎಂದಷ್ಟೇ ಕೇಳಿ ಹೊರಟಳು.

ನಾಳೆ ಬಂತು. ಅವಳು ಬರಲಿಲ್ಲ. ಮರುದಿನವೂ ಇಲ್ಲ. ಲ್ಯಾಬಿನವಳು ಊಟದ ಡಬ್ಬಿ ಹಾಗೇ ಮುಚ್ಚಿಟ್ಟು ಕೌಂಟರಿನ ಕಡೆಗೇ ನೋಡುತ್ತಿದ್ದಳು.

೬
ಅಂತ್ಯ ಒಂದು: ಜ್ವರ ಇಳಿದು ಮಗು ಅಂಗಳದಲ್ಲಿ ಆಡುತ್ತಿದೆ. (ಕೈ ಸರಾಗವಾಗಿ ಓಡಿತು. ಅದಕ್ಕೇ ಅವಳು ನಂಬಲಿಲ್ಲ.)

ಅಂತ್ಯ ಎರಡು: ಮಗು... (ಕೈ ಓಡಲಿಲ್ಲ.)

ಮೂರನೆಯದನ್ನು ಬರೆಯದೆ, ಅರ್ಧ ದಿನ ರಜೆ ಹಾಕಿ, ಸಿರಿಂಜು, ಟ್ಯೂಬುಗಳನ್ನು ಬ್ಯಾಗಿಗೆ ತುಂಬಿಕೊಂಡು ಅವಳು ಶೆಡ್ಡುಗಳ ಕಡೆಗೆ ನಡೆದಳು.

೭
ಮೂವತ್ತೊಂದರ ತಗಡಿನ ಬಾಗಿಲನ್ನು ಗಂಡಸೊಬ್ಬ ಅರ್ಧ ತೆರೆದ. ಅವಳು ಅವನ ಮುಖವನ್ನೇ ಹುಡುಕಿದಳು: ಇವನು ಆ ಮೂವರಲ್ಲಿ ಒಬ್ಬನೇ? ಎಷ್ಟು ತಡಕಾಡಿದರೂ ಗೊತ್ತಾಗಲಿಲ್ಲ. ಇಷ್ಟು ದಿನ ಬೈದುಕೊಂಡು ತಿರುಗಿದ್ದಳು. ಮೂವರಲ್ಲಿ ಒಬ್ಬನ ಮುಖವೂ ಅವಳಿಗೆ ನೆನಪಿರಲಿಲ್ಲ.

ಅವನು ಬ್ಯಾಗು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಯಾರದು?" ಒಳಗಿನಿಂದ ಆ ತಾಯಿಯ ದನಿ.

"ಅವರೇ. ಆಸ್ಪತ್ರೆಯೋರು."

"ಬೇಡ, ಕಳಿಸಿಬಿಡು. ಅವರೆಲ್ಲಾ ಒಂದೇ."

"ನಾನೊಬ್ಬಳೇ ಬಂದಿರೋದು," ಎಂದಳು ಲ್ಯಾಬಿನವಳು. "ಟೈಮ್ ಆಯ್ತು ಅಂತ ಸುಳ್ಳು ಹೇಳಿದ್ದು ನಾನೇ. ಮಗು ಹೇಗಿದೆ?"

ಗಂಡಸು ಬಾಗಿಲು ಹಾಕಲಿಲ್ಲ, ಪೂರ್ತಿ ತೆರೆಯಲೂ ಇಲ್ಲ. (ಇದಕ್ಕಿಂತ ಮುಂದೆ ನಮ್ಮನ್ನೂ ಬಿಡುತ್ತಿಲ್ಲ.) ಅವಳು ಮಗುವಿನ ಒಂದು ಸಣ್ಣ ಅಳುವಾದರೂ ಕೇಳಿಸೀತೇ ಎಂದು ಕಿವಿಗೊಟ್ಟು ನಿಂತಳು.