ಲಿಂಗಕ್ಕೆ ತೋರಿಸಿದ ರೊಟ್ಟಿ

ನನ್ನ ಮೈದುನ ಶಾಂತಲಿಂಗಪ್ಪನಿಗೆ ಬೇರೆ ಯಾರಿಗೂ ಕೇಳದ ದನಿಗಳು ಕೇಳಿಸುತ್ತಿದ್ದವು. ರೊಟ್ಟಿಯಲ್ಲಿ ವಿಷವಿದೆ, ಉಣ್ಣಬೇಡ ಎಂದು ಅವು ಹೇಳುತ್ತಿದ್ದವಂತೆ. ಮಾದನಹಿಪ್ಪರಗಾದ ಜನ ಗಾಳಿ ಎಂದರು, ದೆವ್ವ ಎಂದರು, ತಾಯತ ಕಟ್ಟಿಸಿದರು. ದನಿಗಳು ತಾಯತಕ್ಕೆ ಸೊಪ್ಪು ಹಾಕಲಿಲ್ಲ.

ಅವನಿಗೆ ಅನ್ನ ಇಳಿಯುವ ದಾರಿ ಕಂಡುಹಿಡಿದವಳು ಹೆಂಡತಿ ಸುಂದರಬಾಯಿ. ಸ್ನಾನ ಮಾಡಿಸಿ, ಕೊರಳಿನ ಇಷ್ಟಲಿಂಗವನ್ನು ಅವನ ಅಂಗೈಯಲ್ಲಿರಿಸಿ, ಅವನ ಕೈಯಿಂದಲೇ ರೊಟ್ಟಿಯನ್ನು ಲಿಂಗಕ್ಕೆ ತೋರಿಸುವಳು.

"ಈಗ ಇದು ಪ್ರಸಾದ ಆತು. ಪ್ರಸಾದದಾಗ ವಿಷ ಇರ್ತದೇನ್ರಿ?"

ಅವನು ತುಸು ಹೊತ್ತು ಕಿವಿಗೊಟ್ಟು ಕೂತು, ಆಮೇಲೆ ಉಣ್ಣುವನು.

ಯುದ್ಧದ ಕಾಲ. ನಿಜಾಮ ಸರಕಾರ ರೈತರಿಂದ ಕಡ್ಡಾಯವಾಗಿ ಅಳೆಸಿಕೊಳ್ಳುತ್ತಿದ್ದ ಲೆವಿ ಜೋಳ ಹೊತ್ತು ನಮ್ಮ ಎತ್ತುಗಳು ಆಳಂದಕ್ಕೆ ಹೋಗಿ ಬಂದು ಸುಸ್ತಾಗಿದ್ದವು. ಒಂದು ಬೆಳಿಗ್ಗೆ ಶಾಂತಲಿಂಗಪ್ಪ ತನ್ನ ಲಿಂಗ ಬಿಚ್ಚಿ ಎತ್ತಿನ ಕೊರಳಿಗೆ ಕಟ್ಟಿದ. ಇಷ್ಟು ದುಡಿಯುವ ಜೀವಕ್ಕೆ ಯಾರೂ ದೀಕ್ಷೆ ಕೊಟ್ಟಿಲ್ಲವೆಂಬುದು ಅವನ ದುಃಖ. ನನಗೆ ಒಳಗೊಳಗೇ ನಗು ಬಂತು. ನನ್ನ ಗಂಡ ಜಗದೇವಪ್ಪನವರಿಗೆ ಬರಲಿಲ್ಲ. ಊರು ಏನೆಂದೀತು ಎಂಬುದೇ ಅವರ ನಿತ್ಯಜಪ.

"ಹುಚ್ಚಗ ಲಿಂಗ ಯಾಕ? ನಾಳಿ ತಿಪ್ಪ್ಯಾಗ ಒಗದ್ರ?" ಎಂದು ಅದನ್ನು ಒಯ್ದು ಸಂದೂಕದಲ್ಲಿಟ್ಟು ಬೀಗ ಹಾಕಿದರು.

ಅಂದಿನಿಂದ ಮೈದುನ ಬಾಯಿಗೆ ಏನೂ ಹಾಕಲಿಲ್ಲ. ಸುಂದರಬಾಯಿ ತನ್ನ ಲಿಂಗಕ್ಕೆ ತೋರಿಸಿ ರೊಟ್ಟಿ ತಂದಳು.

"ಅದು ನಿಂದು. ನಂದು ನೋಡಿಲ್ಲ," ಎಂದು ತಾಟು ಸರಿಸಿದ.

ದಿನ ಕಳೆದಂತೆ ಗೋಡೆ ಹಿಡಿದು ನಡೆಯತೊಡಗಿದ. "ಹಸದ್ರ ತಾನ ಉಣ್ತಾನ," ಎಂದರು ನನ್ನ ಗಂಡ.

ಅವರು ಊಟಕ್ಕೆ ಕೂತ ಹೊತ್ತಿಗೆ, ಭಾವನೆದುರು ಎಂದೂ ದನಿ ಎತ್ತದ ಸುಂದರಬಾಯಿ ಬಂದು ನಿಂತಳು. ತನ್ನ ಲಿಂಗ ಬಿಚ್ಚಿ ಅವರ ಮುಂದೆ ಮಣೆಯ ಮೇಲಿಟ್ಟಳು.

"ಇದನ್ನೂ ಬೀಗ ಹಾಕಿ ಇಡ್ರಿ ಭಾವಾ. ಲಿಂಗ ಇಲ್ದ ನಾ ನೀರು ಸುದ್ದಾ ಮುಟ್ಟಂಗಿಲ್ಲ. ಅವ್ರು ಸತ್ರ ನಾನೂ ಸಾಯ್ತೇನಿ. ಲಿಂಗ ಮಾತ್ರ ಜ್ವಾಕಿ ಅದಾವಂತ ಊರಿಗೆ ಹೇಳ್ರಿ."

"ನಿಂದೂ ತಲಿ ಕೆಟ್ಟದೇನು?"

"ಇಲ್ರಿ. ತಲಿ ಕೆಟ್ಟವ್ರಿಗೂ ದೇವರು ಬೇಕ್ರಿ. ಅವ್ರಿಗೇ ಹೆಚ್ಚು ಬೇಕು."

ನಾನೂ ಸೌಟು ಕೆಳಗಿಟ್ಟು ಅವಳ ಪಕ್ಕಕ್ಕೆ ಹೋಗಿ ನಿಂತೆ. ನನ್ನ ಗಂಡ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಕೈ ತೊಳೆದು ಎದ್ದು ಹೋಗಿ ಸಂದೂಕ ತೆಗೆದರು.

ಶಾಂತಲಿಂಗಪ್ಪ ತನ್ನ ಲಿಂಗವನ್ನು ಕಣ್ಣಿಗೊತ್ತಿಕೊಂಡ. ಸುಂದರಬಾಯಿ ಕೊಟ್ಟ ರೊಟ್ಟಿಯನ್ನು ಅದಕ್ಕೆ ತೋರಿಸಿ ಕಿವಿಗೊಟ್ಟು ಕೂತ.

"ಆ ದನಿ ಇನ್ನೂ ಅನ್ನಾಕತ್ತಾವೇನ್ರಿ?" ಎಂದಳು ಅವಳು.

"ಅನ್ನಾಕತ್ತಾವ. ಅನ್ಲಿ. ನಾ ಉಣ್ತೇನಿ."

ತುತ್ತು ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಅವನ ಕಣ್ಣು ಹೆಂಡತಿಯ ಬರಿಗೊರಳ ಮೇಲಿತ್ತು.

"ಸುಂದ್ರಾ, ನಿನ್ನ ಲಿಂಗ ಎಲ್ಲದ?"

ಅವಳು ಸೆರಗೆಳೆದು ಕೊರಳು ಮುಚ್ಚಿಕೊಂಡಳು. ಅವನು ನನ್ನ ಗಂಡನ ಕಡೆ ತಿರುಗಿದ.

"ಅಣ್ಣಾ, ಅಕಿಂದೂ ಕೊಡು. ನಾ ಊಟ ಬಿಟ್ಟಾಗಿಂದ ಅಕಿನೂ ಉಂಡಿಲ್ಲ."

ಅಷ್ಟು ದಿನ ಒಂದೇ ಒಲೆಯ ಮುಂದೆ ಅವಳೊಡನೆ ಕೂತ ನನಗೂ ಅದು ಗೊತ್ತಾಗಿರಲಿಲ್ಲ. ನನ್ನ ಗಂಡ ಮಣೆಯ ಮೇಲಿದ್ದ ಲಿಂಗವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳಿಗೆ ಕೊಟ್ಟರು. ಅವಳು ಕಟ್ಟಿಕೊಳ್ಳುವವರೆಗೂ ಶಾಂತಲಿಂಗಪ್ಪ ತುತ್ತು ಹಿಡಿದೇ ಕೂತಿದ್ದ.