ಬಾನುಬೀಯ ಮನೆಯ ಗಾದಿ

ಹನುಮಸಾಗರದ ಭವಾನಿಗೆ ಒಂದು ಕೆಟ್ಟ ಚಾಳಿ ಇತ್ತು. ಕೇಳಬೇಕಾದ್ದನ್ನು ಕೇಳುತ್ತಿದ್ದಳು, ಆದರೆ ಉತ್ತರ ಪೂರ್ತಿ ಬರುವ ಮುಂಚೆಯೇ ಬರೆದುಕೊಂಡು ಬಿಡುತ್ತಿದ್ದಳು. ಹಾಗಂತ ಆಕೆಯನ್ನು ಬೈಯಲು ಬಾಯಿ ಬರುವುದಿಲ್ಲ ಬಿಡಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಎಂಬ ಒಂದು ಗುರುತಿನ ಚೀಟಿ, ಪಕ್ಕಕ್ಕೆ ಗಾಲಿ ಜೋಡಿಸಿದ ಒಂದು ಸ್ಕೂಟಿ, ನೋಡಿಕೊಳ್ಳಲು ನೂರಕ್ಕೂ ಮಿಕ್ಕಿ ಅಂಗವಿಕಲರು. ಅವರ ಪಿಂಚಣಿಗೂ ಆಕೆಯೇ ಓಡಬೇಕು, ಬಸ್ ಪಾಸಿಗೂ ಆಕೆಯೇ ಓಡಬೇಕು. ಓಡುವ ಆ ಎಡಗಾಲೋ, ಮೂರನೆಯ ವಯಸ್ಸಿಗೇ ಪೋಲಿಯೊ ಬಡಿದು ಸೊರಗಿಹೋದದ್ದು.

ಆ ನೂರು ಜನರಲ್ಲಿ ಆಕೆಗೆ ಜೀವಕ್ಕೆ ಹತ್ತಿರದವನೆಂದರೆ ಶಾನವಾಜ. ಇಪ್ಪತ್ತಾರರ ಹುಡುಗ, ಗಂಗಾವತಿಯಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸ ಮಾಡುವಾಗ ಎರಡನೆಯ ಮಹಡಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದ. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷ ಮಲಗಿದಲ್ಲೇ ಇದ್ದ. ತಾಯಿ ಬಾನುಬೀ, ಗಂಡ ಸತ್ತಂದಿನಿಂದ ಕೌದಿ ಹೊಲಿದು ಮನೆ ನಡೆಸಿದವಳು, ಹಗಲೆನ್ನದೆ ರಾತ್ರಿಯೆನ್ನದೆ ಎರಡು ತಾಸಿಗೊಮ್ಮೆ ಮಗನ ಮಗ್ಗುಲು ಬದಲಿಸಿದಳು. ಆ ಎರಡು ವರ್ಷದಲ್ಲಿ ಅವನ ಮೈಮೇಲೆ ಒಂದು ಸಣ್ಣ ಗಾಯವೂ ಆಗಲಿಲ್ಲ.

ಅವನಿಗೊಂದು ವ್ಹೀಲ್‌ಚೇರ್ ಕೊಡಿಸಲು ಭವಾನಿ ಕೊಪ್ಪಳಕ್ಕೆ ಎಂಟು ಸಲ ಅಲೆದಳು. ಕೊನೆಗೆ ಯಾವುದೋ ಸಂಸ್ಥೆಯ ಶಿಬಿರದಲ್ಲಿ ಸಿಕ್ಕಿತು. ಹತ್ತಕ್ಕೆ ಬರಬೇಕಾದ ಅತಿಥಿಗಳು ಮೂರಕ್ಕೆ ಬಂದರು, ಹಾರ ಹಾಕಿಸಿಕೊಂಡರು, ಮಾತಾಡಿದರು, ಮಾತಾಡುತ್ತಲೇ ಇದ್ದರು. ಕುರ್ಚಿಯನ್ನು ಹೇಗೆ ಬಳಸಬೇಕೆಂದು ಹೇಳಿಕೊಡುವ ಸಮಯವನ್ನೆಲ್ಲ ಅವರ ಭಾಷಣ ನುಂಗಿಹಾಕಿತು. ಕುರ್ಚಿಯ ಜೊತೆಗೆ ನೀಲಿ ಬಟ್ಟೆಯ ಒಂದು ದಪ್ಪ ಗಾದಿಯನ್ನೂ ಕೊಟ್ಟಿದ್ದರು, ಒತ್ತಿದರೆ ಕೈ ಹಗುರಾಗಿ ಒಳಗಿಳಿಯುವಂಥದ್ದು. ಹೊತ್ತು ಮುಳುಗುವ ಮೊದಲು ಹನ್ನೊಂದು ಜನರನ್ನು ಟೆಂಪೋಕ್ಕೆ ಹತ್ತಿಸಬೇಕಾದ ಗಡಿಬಿಡಿಯಲ್ಲಿ ಭವಾನಿ ಅದನ್ನು ಬಾನುಬೀಯ ಮಡಿಲಿಗಿಟ್ಟು, ಇದು ಭಾರೀ ತುಟ್ಟಿದು, ಹೋದರೆ ಮತ್ತೆ ಸಿಗುವುದಿಲ್ಲ, ಉಳಿದದ್ದು ಮನೆಗೆ ಬಂದು ಹೇಳುತ್ತೇನೆ ಎಂದಳು.

ಮನೆಗೇನೋ ಹೋದಳು. ಹೇಳಲಿಲ್ಲ. ಹೇಳುವುದಾದರೂ ಹೇಗೆ? ಎರಡು ವರ್ಷ ತೊಲೆ ನೋಡುತ್ತಾ ಮಲಗಿದ್ದವನು ಬಾಗಿಲಲ್ಲಿ ರಾಜನ ಹಾಗೆ ಕುಳಿತು, ಓಣಿಯಲ್ಲಿ ಹೋಗಿ ಬರುವವರನ್ನೆಲ್ಲ ಕರೆದು ಚೇಷ್ಟೆ ಮಾಡುತ್ತಿದ್ದ. ಒಡೆದ ಮೊಬೈಲ್‌ಗಳನ್ನು ಬಿಚ್ಚಿ ರಿಪೇರಿ ಮಾಡಲು ಕಲಿಯುತ್ತಿದ್ದ. ಬೆಳಗ್ಗೆ ಎಂಟಕ್ಕೆ ಕುಳಿತನೆಂದರೆ ರಾತ್ರಿ ಊಟದ ತನಕ ಏಳುವ ಮಾತೇ ಇಲ್ಲ. ಮಗ ಎದ್ದು ಕುಳಿತ ಮೇಲೆ ಮಗ್ಗುಲು ಬದಲಿಸುವ ಕಷ್ಟವೂ ತೀರಿತೆಂದು ಬಾನುಬೀ ಅಲ್ಲಾನಿಗೆ ಕೈಯೆತ್ತಿ ದುವಾ ಮಾಡಿದಳು. ಭವಾನಿ ಅವನದೊಂದು ಫೋಟೊ ತೆಗೆದು ತಾಲೂಕಿನ ವಾಟ್ಸಾಪ್ ಗುಂಪಿಗೆ ಹಾಕಿದಳು.

ತಿಂಗಳಿಗೊಮ್ಮೆ ಆಕೆ ಬಂದಾಗ ಬಾನುಬೀ ಬಣ್ಣಬಣ್ಣದ ತುಂಡುಗಳ ಕೌದಿಯ ಹೊದಿಕೆ ಹಾಕಿದ ಒಂದು ಮೆತ್ತನೆಯ ಗಾದಿಯನ್ನು ನೆಲಕ್ಕೆ ಹಾಸುತ್ತಿದ್ದಳು. ಅದರ ಮೇಲೆ ಕುಳಿತರೆ ಭವಾನಿಯ ಸೊಂಟಕ್ಕೆ ಹಾಯೆನಿಸುತ್ತಿತ್ತು. ನಿನ್ನ ಹೊಲಿಗೆಗೆ ಸರಿಸಾಟಿ ಇಲ್ಲ ಚಾಚಿ ಎಂದು ಹೊಗಳಿ, ಚಹಾ ಕುಡಿದು, ಫಾರ್ಮು ಬಿಚ್ಚುತ್ತಿದ್ದಳು. ಸಂಸ್ಥೆಯವರು ಕೊಟ್ಟದ್ದೆಲ್ಲ ಬಳಸುತ್ತೀರಲ್ಲ ಎಂದು ಕೇಳುತ್ತಿದ್ದಳು. ಬಾನುಬೀ ಹೂಂ ಎನ್ನುವಷ್ಟರಲ್ಲಿ ‘ಗಾದಿ ಬಳಕೆಯಲ್ಲಿದೆ’ ಎಂಬ ಸಾಲಿಗೆ ಗುರುತು ಬಿದ್ದಿರುತ್ತಿತ್ತು. ಮೈಮೇಲೆ ಗಾಯ ಏನಾದರೂ ಆಗಿದೆಯೇ ಎಂದರೆ ಶಾನವಾಜ ಕಿವಿಯವರೆಗೂ ಕೆಂಪಾಗಿ ಇಲ್ಲ ಎನ್ನುತ್ತಿದ್ದ. ಕುರ್ಚಿ ಬಂದ ಮೇಲೆ ಅವನಿಗೆ ನಾಚಿಕೆಯೂ ತಿರುಗಿ ಬಂದಿತ್ತು. ತನ್ನ ಮೈ ತಾನೇ ತೊಳೆದುಕೊಳ್ಳುತ್ತಿದ್ದ, ತಾಯಿಯನ್ನೂ ಹತ್ತಿರ ಬಿಡುತ್ತಿರಲಿಲ್ಲ. ಪ್ರಾಯದ ಗಂಡುಹುಡುಗನ ಹಿಂಭಾಗ ನೋಡಬೇಕೆಂದು ಭವಾನಿಯಾದರೂ ಹೇಗೆ ಹಟ ಮಾಡಿಯಾಳು?

ನಾಲ್ಕನೆಯ ತಿಂಗಳು ಆಕೆ ಬಂದಾಗ ಬಾಗಿಲಲ್ಲಿ ಕುರ್ಚಿ ಖಾಲಿಯಿತ್ತು. ಮೂರು ದಿನದಿಂದ ಜ್ವರ, ಗುಳಿಗೆಗೆ ಬಗ್ಗುತ್ತಿಲ್ಲ ಎಂದಳು ಬಾನುಬೀ. ಒಳಕೋಣೆಯಲ್ಲಿ ಒಂದು ಕೆಟ್ಟ ವಾಸನೆ. ಅಂದು ಕೌದಿಯ ಹೊದಿಕೆ ಒಗೆದು ಹಗ್ಗದ ಮೇಲೆ ಒಣಗುತ್ತಿತ್ತು. ಭವಾನಿಗೆಂದು ಬಾನುಬೀ ಹಾಸಿದ ಗಾದಿ ಇವತ್ತು ಬತ್ತಲೆ, ಶಿಬಿರದಲ್ಲಿ ಕೊಟ್ಟ ಅದೇ ನೀಲಿ ಗಾದಿ. ಭವಾನಿ ಕುರ್ಚಿಯ ಕಡೆ ತಿರುಗಿ ನೋಡಿದಳು. ಅದರ ಸೀಟಿನ ಮೇಲೆ ಮಡಿಸಿಟ್ಟ ಹಳೆಯ ಚಾದರವೊಂದಿತ್ತು. ಆಗ ಆಕೆ ಯಾವ ನಾಚಿಕೆಗೂ ಕಾಯಲಿಲ್ಲ, ಹುಡುಗನನ್ನು ಮಗ್ಗುಲಿಗೆ ಹೊರಳಿಸಿದಳು. ಹಿಂಭಾಗದಲ್ಲಿ ಅಂಗೈಯಗಲದ ಎರಡು ಹುಣ್ಣು, ಸುತ್ತ ಕಪ್ಪು, ನಡುವೆ ಎಲುಬು ಕಾಣುತ್ತಿತ್ತು. ಬಾನುಬೀ ಅದನ್ನು ಅಂದೇ ಮೊದಲು ನೋಡಿದ್ದು.

ಅಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ ಒಯ್ದರು. ವಿಷ ರಕ್ತಕ್ಕೆ ಏರಿದೆ, ತಡವಾಗಿದೆ ಎಂದರು ಡಾಕ್ಟರು. ಭವಾನಿ ಇದ್ದ ಕೆಲಸವನ್ನೆಲ್ಲ ಬಿಟ್ಟು ಮಂಚದ ಹತ್ತಿರ ನಿಂತಳು. ಮೂರನೆಯ ದಿನ ಅವನು ಕಣ್ಣು ಬಿಟ್ಟಾಗ, ಗಾದಿ ಯಾಕೆ ಹಾಕಿಕೊಳ್ಳಲಿಲ್ಲ ತಮ್ಮಾ ಎಂದು ಕೇಳಿದಳು.

"ನನಗ ಅಲ್ಲೇನೂ ತಿಳಿಯಂಗಿಲ್ಲಲ್ರಿ ಅಕ್ಕಾ," ಎಂದ ಅವನು. "ಕಲ್ಲ ಇದ್ದರೇನು, ಗಾದಿ ಇದ್ದರೇನು. ನೀವು ನೆಲದ ಮ್ಯಾಲ ಕುಂದ್ರೂವಾಗ ಹಲ್ಲ ಕಚ್ಚತಿದ್ರಿ. ಅಕ್ಕಾಗ ಹಾಸು ಅಂತ ಅಮ್ಮಗ ನಾನ ಹೇಳಿದ್ದೆ."

ಅಯ್ಯೋ ಮಗನೇ! ಭವಾನಿಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆಕೆಯ ಕಾಲು ಸೊರಗಿದ್ದರೂ ನೋವು ಪೂರ್ತಿ ಗೊತ್ತಾಗುತ್ತಿತ್ತು, ನೋವಾದರೆ ಸರಿದು ಕೂರುತ್ತಿದ್ದಳು. ಇವನಿಗೆ ಸರಿದು ಕೂರು ಎಂದು ಹೇಳುವ ನೋವೇ ಇರಲಿಲ್ಲ, ಅದಕ್ಕೇ ಆ ಗಾದಿ. ಕೆಲಸಕ್ಕೆ ಸೇರಿದಾಗ ಕೊಟ್ಟ ಮೂರು ದಿನದ ತರಬೇತಿಯಲ್ಲಿ ಆಕೆ ಕಲಿತದ್ದು ಇದನ್ನೇ. ಹೇಳಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷವನ್ನು ಆಕೆ ಅವನ ಗಾದಿಯ ಮೇಲೆಯೇ ಕುಳಿತು ಚಹಾ ಕುಡಿಯುತ್ತಾ ಕಳೆದಿದ್ದಳು.

ಹನ್ನೆರಡನೆಯ ದಿನ ಶಾನವಾಜ ತೀರಿಕೊಂಡ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವ ತನಕ ಭವಾನಿ ಆ ಓಣಿಗೆ ಕಾಲಿಡಲಿಲ್ಲ. ಮುಖವಿರಲಿಲ್ಲ. ಯಾರೂ ಆಕೆಯ ಮೇಲೆ ತಪ್ಪು ಹೊರಿಸಿರಲಿಲ್ಲ, ಊರೆಲ್ಲ ಅವನ ಆಯುಷ್ಯ ಅಷ್ಟೇ ಎಂದಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಮುಚ್ಚಿಕೊಂಡೇ ಇರಬೇಕೆಂದು ಆಕೆ ಹೊರಟದ್ದೂ ಹೌದು. ಆದರೆ ಹೋದವಳಿಗೆ ಬಾನುಬೀ ಒಂದೇ ಒಂದು ಮಾತು ಕೇಳಿದಳು. ರಕ್ತಕ್ಕೆ ವಿಷ ಏರಿತು ಎಂದರಲ್ಲ, ಆ ವಿಷ ಎಲ್ಲಿಂದ ಬಂತು ಎಂದು.

ಭವಾನಿ ಹೆಗಲ ಚೀಲವನ್ನು ಕೆಳಗಿಟ್ಟಳು.

"ಒಂದ ಕಡೆ ಕುಂತ ಕುಂತ ಹುಣ್ಣಾತು ಚಾಚಿ. ಹೆಂಗ ಕುಂದ್ರಸಬೇಕು ಅಂತ ನಾ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದ್ದರ ಉಳೀತಿದ್ದ."

ಬಾನುಬೀ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಭವಾನಿ ಬದುಕಿಕೊಳ್ಳುತ್ತಿದ್ದಳು. ಬಾನುಬೀ ಸೆರಗಿನಿಂದ ಬಾಯಿ ಒರೆಸಿಕೊಂಡು, ಇನ್ನಷ್ಟು ಹತ್ತಿರ ಸರಿದು ಕುಳಿತಳು.

"ಈಗ ಹೇಳ್ರಿ," ಎಂದಳು.

ಭವಾನಿ ಹೇಳಿದಳು. ಗಾದಿ ಯಾವಾಗಲೂ ಅವನ ಕೆಳಗೇ ಇರಬೇಕು. ಹದಿನೈದು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಅವನು ಮೈ ಎತ್ತಬೇಕು. ಬೆಳಗ್ಗೆ ಒಮ್ಮೆ, ಮಲಗುವಾಗ ಒಮ್ಮೆ ಕನ್ನಡಿ ಹಿಡಿದು ನೋಡಬೇಕು. ಎಲ್ಲಾದರೂ ಕೆಂಪಾಗಿದ್ದರೆ ಅದು ಹೋಗುವ ತನಕ ಕುರ್ಚಿ ಬೇಡ. ಬಾನುಬೀ ನಾಳೆಯಿಂದಲೇ ಮಾಡಬೇಕಾದವಳಂತೆ ಕೇಳಿಸಿಕೊಂಡಳು. ಎಷ್ಟು ನಿಮಿಷ ಅಂದ್ರಿ ಎಂದು ನಡುವೆ ಒಮ್ಮೆ ಕೇಳಿದಳು. ಕನ್ನಡಿ ಸಣ್ಣದಾದರೂ ನಡೆಯುತ್ತದೆಯೇ ಎಂದೂ ಕೇಳಿದಳು. ಎಲ್ಲ ಮುಗಿದ ಮೇಲೆ ಒಂದೊಂದಾಗಿ ಬೆರಳು ಮಡಿಸುತ್ತಾ ತಾನೇ ಹೇಳಿನೋಡಿಕೊಂಡಳು. ಒಂದೂ ತಪ್ಪಲಿಲ್ಲ.

ಆಮೇಲೆ ಮಡಿಸಿದ ಬೆರಳುಗಳನ್ನು ನೋಡುತ್ತಾ, "ಇಷ್ಟು ನನ್ನ ಕೈಲೆ ಆಗ್ತಿರಲಿಲ್ಲೇನ್ರಿ, ಅಕ್ಕಾರ?" ಎಂದಳು.

"ಆಗ್ತಿತ್ತು ಚಾಚಿ," ಎಂದಳು ಭವಾನಿ.