ಬಾವಿಗೆ ಹಾಕಿದ ಎರಡು ವರ್ಷ

ಹುಮನಾಬಾದಿನ ಟೆನಿಸ್ ಅಂಗಳಕ್ಕೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಫರ್ಹೀನ್. ಬಸವಕಲ್ಯಾಣದಿಂದ ಮೊದಲ ಬಸ್ಸು, ಮಾಣಿಕನಗರದ ಕಡೆ ಹೋಗುವ ಆಟೋದಲ್ಲಿ ಒಂದಿಷ್ಟು ದೂರ, ಉಳಿದದ್ದು ನಡಿಗೆ. ಬಂದವಳೇ ಕೆಂಪು ಮಣ್ಣಿಗೆ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆಯುತ್ತಾಳೆ. ಗೆರೆ ಒಂದು ಬೆರಳಿನಷ್ಟು ಸೊಟ್ಟಗಾದರೂ ಕಾಲಿನಿಂದ ಅಳಿಸಿ ಮತ್ತೆ ಎಳೆಯುತ್ತಾಳೆ.

ಹದಿನಾಲ್ಕು ವರ್ಷ ಅವಳು ವೃತ್ತಿಪರ ಆಟಗಾರ್ತಿಯಾಗಿದ್ದಳು. ಟಿವಿಯಲ್ಲಿ ಬರುವಂಥ ಆಟವಲ್ಲ ಅದು. ಹೆಸರೇ ನಾಲಿಗೆಗೆ ಹತ್ತದ ಊರುಗಳು, ಖಾಲಿ ಬೆಂಚುಗಳ ಮುಂದೆ ಪಂದ್ಯ, ಸೋತ ದಿನವೇ ಮುಂದಿನ ಊರಿನ ರೈಲು. ಬಲಮೊಣಕಾಲು ಕೈಕೊಟ್ಟ ಮೇಲೆ ಅಪ್ಪನ ಮನೆಗೆ ಮರಳಿದಾಗ ಅಪ್ಪ ಬದುಕಿರಲಿಲ್ಲ. ಹತ್ತಿ ಹಿಂಜುವ ಅವನ ಬಿಲ್ಲು ಮಾತ್ರ ಗೋಡೆಯಲ್ಲಿ ತೂಗುತ್ತಿತ್ತು.

ಅಂದು ಗೆರೆಯ ಸುಣ್ಣ ಒಣಗುವ ಮುಂಚೆಯೇ ಧನರಾಜ ಬಂದರು. ಪೇಟೆಯಲ್ಲಿ ಪೈಪು, ಬಣ್ಣದ ಅಂಗಡಿ ಅವರದು. ಹಿಂದೆಯೇ ಮಗಳು ಪೂನಂ. ಫರ್ಹೀನ್ ಹತ್ತಿರ ಕಲಿಯುವವರಲ್ಲಿ ಕೈ ಚುರುಕಾದವಳು ಅವಳೇ.

"ಮೇಡಂ, ಒಂದ್ ಸಹಿ ಬೇಕಾಗ್ಯಾದ ನೋಡ್ರಿ."

ರಾಜ್ಯಮಟ್ಟದ ಪಂದ್ಯಾವಳಿಯ ಅರ್ಜಿ. ಹದಿನಾಲ್ಕರೊಳಗಿನ ಬಾಲಕಿಯರ ವಿಭಾಗ. ಜೊತೆಗೆ ಗರಿಗರಿಯಾದ ಜನನ ಪತ್ರ.

"ಪೂನಂಗ ಹದಿನೈದು ತುಂಬ್ಯಾವಲ್ರಿ ಧನರಾಜಣ್ಣಾ? ಹೋದ ತಿಂಗಳ ನೀವೇ ಪೇಡಾ ಹಂಚೀರಿ."

"ಆ ಪೇಡಾ ಮರತ್ಬಿಡ್ರಿ," ಧನರಾಜ ನಕ್ಕರು. "ಏಜೆಂಟ್ ಒಬ್ಬ ಮಾಡಿಕೊಟ್ಟಾನ. ಇವತ್ತಿನಿಂದ ಆಕಿಗಿ ಹದಿಮೂರು."

"ಇದು ಸುಳ್ಳದರಿ."

"ಸುಳ್ಳೇ ಅದ, ನಾ ಎಲ್ಲಿ ಇಲ್ಲ ಅಂದೆ? ಆದ್ರ ದೊಡ್ಡ ಊರಿನ ಹುಡುಗ್ಯಾರಿಗಿ ಮೂರ್ ಮೂರ್ ಕೋಚ್, ಚೆಂಡ್ ಒಗಿಯೋ ಮಷೀನು. ನನ್ನ ಮಗಳಿಗಿ ಏನದ? ಈ ಮಣ್ಣು, ಮತ್ತ ನೀವು. ಎರಡ್ ವರ್ಷ ಹಿಂದ ಸರದ್ರ ಸಮಾ ಆಗ್ತದ. ಹೋದ ಸಲ ಈಕಿ ಎದುರು ಆಡಿದ ಹದಿಮೂರರ ಹುಡುಗಿ ತಾನೇ ಸ್ಕೂಟಿ ಹೊಡಕೊಂಡು ಬಂದಿದ್ಳು! ಎಲ್ಲಾರೂ ಮಾಡಾಕತ್ತಾರ್ರಿ. ಗೆದ್ರ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು. ಇಲ್ಲಾಂದ್ರ ಆಟ ಇಲ್ಲಿಗಿ ಮುಗೀತು."

ಪೂನಂ ತನ್ನ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಫರ್ಹೀನ್ ಎರಡೂ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ನಾಳೆ ಹೇಳ್ತೀನ್ರಿ."

ವಾಪಸು ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇತ್ತು. ಕಿಟಕಿಯಾಚೆ ತೊಗರಿ ಹೊಲಗಳು ಓಡುತ್ತಿದ್ದವು. ಧನರಾಜರ ಮಾತು ಅವಳಿಗೆ ಹೊಸದಲ್ಲ. ಇದೇ ಮಾತನ್ನು ಹಿಂದೊಮ್ಮೆ ಹೈದರಾಬಾದಿನ ಕೋಚ್ ಒಬ್ಬ ಆಡಿದ್ದ. ಅಪ್ಪನ ತಮ್ಮ, ಚಾಚಾ ಬದ್ರುದ್ದೀನ್, ಅಲ್ಲಿಯ ಕ್ಲಬ್ಬಿನಲ್ಲಿ ಟೆನಿಸ್ ಅಂಗಳ ನೋಡಿಕೊಳ್ಳುತ್ತಿದ್ದರು. ಅವರ ಮನೆಯಲ್ಲಿದ್ದುಕೊಂಡೇ ಫರ್ಹೀನ್ ಆಟ ಕಲಿತಳು. ಕೋಚ್ ಬರೆಸಿದ ಹೊಸ ಜನನ ಪತ್ರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಅಪ್ಪ ಅಜೀಮುದ್ದೀನ್ ಊರಿಂದ ಬಂದಿದ್ದ. ಅವನಿಗೆ ಅದರಲ್ಲಿ ಮೋಸವೇ ಕಾಣಲಿಲ್ಲ. ಊರ ಶಾಲೆಯ ಹೆಡ್ ಮಾಸ್ತರರು ಬಂದ ಮಕ್ಕಳಿಗೆಲ್ಲ ಜೂನ್ ಒಂದು ಎಂದೇ ಹುಟ್ಟಿದ ದಿನ ಬರೆಯುತ್ತಿದ್ದರು. "ತಾರೀಖು ಅಂದ್ರ ಮಾಸ್ತರ್ ಬರಿಯೋದು ಬೇಟಿ. ಅವರೊಂದು ಬರದ್ರು, ಇವರೊಂದು ಬರೀತಾರ," ಎಂದು ಹೆಬ್ಬೆಟ್ಟಿನ ಮಸಿಯನ್ನು ಕೂದಲಿಗೆ ಒರೆಸಿಕೊಂಡಿದ್ದ.

ಹುಟ್ಟಿದ ದಿನ ಗೊತ್ತಿದ್ದದ್ದು ಅಪ್ಪನ ತಾಯಿ, ದಾದಿಗೆ ಮಾತ್ರ. ಬಕ್ರೀದಿನ ಮರುದಿನ, ಹೊಸ ಹತ್ತಿಯ ಮೊದಲ ಗಂಟು ಬಿಚ್ಚಿದಾಗ. ದಾದಿ ಒಂದು ಕಥೆಯನ್ನೂ ಹೇಳುತ್ತಿದ್ದಳು. ಒಬ್ಬ ರಾಜಕುಮಾರಿ ಎಳೆಯವಳಾಗಿ ಕಾಣಬೇಕೆಂದು ತನ್ನ ಎರಡು ವರ್ಷಗಳನ್ನು ಪರಿ ಎಂಬ ಕಿನ್ನರಿಯ ಬಾವಿಗೆ ಹಾಕಿದಳಂತೆ. ಊರೆಲ್ಲ ಹೊಗಳಿತಂತೆ. ಮನೆಗೆ ಬಂದು ಬಾಗಿಲು ತಟ್ಟಿದರೆ ತಾಯಿಯೇ ಹೊರಬಂದು, "ಯಾರವ್ವಾ ನೀನು?" ಎಂದಳಂತೆ. ಆಮೇಲೇನಾಯಿತೆಂದು ಕೇಳುವಷ್ಟರಲ್ಲಿ ಫರ್ಹೀನ್‌ಗೆ ನಿದ್ದೆ ಬಂದಿರುತ್ತಿತ್ತು.

ಹದಿನಾಲ್ಕು ವರ್ಷವೂ ಅವಳು ಆ ಬಾಗಿಲಲ್ಲೇ ನಿಂತಿದ್ದಳು. ಜೊತೆಯ ಆಟಗಾರ್ತಿಯರು ಹೋಟೆಲಿನ ಕೋಣೆಯಲ್ಲಿ ಕೇಕು ತಂದು ಅವಳ ಸುಳ್ಳು ಹುಟ್ಟುಹಬ್ಬವನ್ನು ಆಚರಿಸುತ್ತಿದ್ದರು. ಶಾಲೆಯ ಮಾತು, ಬಾಲ್ಯದ ಮಾತು ಬಂದರೆ ಎಲ್ಲಿ ವರ್ಷ ತಪ್ಪೀತೋ ಎಂದು ಅವಳು ಎದ್ದು ಹೋಗುತ್ತಿದ್ದಳು. ಬರುಬರುತ್ತ ಕೇಕು ನಿಂತಿತು. ಕರೆಯುವುದೂ ನಿಂತಿತು.

ಮನೆಯಲ್ಲಿ ಟ್ರಂಕು ತೆರೆದು ಬಹುಮಾನದ ಒಂದು ಕಪ್ಪನ್ನು ತೆಗೆದಳು. ಹದಿನಾಲ್ಕರೊಳಗಿನವರ ಫೈನಲ್ಲಿನದು. ಹಿತ್ತಾಳೆ ಮಂಕಾಗಿತ್ತು. ಹಾಸಿಗೆಯ ಹಳೆಯ ಹತ್ತಿಯಿಂದ ಅದನ್ನು ಉಜ್ಜುತ್ತ ಸಂಜೆಯವರೆಗೆ ಕೂತಳು.

ಮರುದಿನ ಅಂಗಳದಲ್ಲಿ ಧನರಾಜರ ಮುಂದೆ ಆ ಕಾಗದಗಳನ್ನೂ ಕಪ್ಪನ್ನೂ ಇಟ್ಟಳು. ಅರ್ಜಿಯಲ್ಲಿ ಸಹಿ ಇರಲಿಲ್ಲ.

"ಇದನ್ನ ಗೆದ್ದಾಗ ನನಗ ಹದಿನೈದು ತುಂಬಿತ್ರಿ. ಕಾಗದದಾಗ ಹದಿಮೂರು."

ಧನರಾಜ ಕಪ್ಪನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಮುಖ ಬಿಗಿಯಿತು. "ಹಂಗಾರ ನೀವ್ ಮಾಡಿದ್ದು ನಡೀತು, ನನ್ನ ಮಗಳದು ನಡ್ಯಂಗಿಲ್ಲ? ನೀವು ದೇಶ ದೇಶ ತಿರಗಿ ಬಂದೀರಿ. ಆಕಿ ಪೈಪಿನ ಅಂಗಡ್ಯಾಗ ಕೂಡಬೇಕು?"

"ತಿರಗೀನ್ರಿ. ಒಬ್ಬಾಕೀನೇ ತಿರಗೀನಿ," ಫರ್ಹೀನ್ ಎಂದಳು. "ಆ ಫೈನಲ್ಲಿನ್ಯಾಗ ಎದುರು ಆಡಿದಾಕಿ ದೊಡ್ಡ ಊರಿನ ಸಾಹುಕಾರ್ರ ಮಗಳಲ್ರಿ. ಕಲಬುರ್ಗಿ ರೈಲ್ವೆ ಗ್ಯಾಂಗ್‌ಮನ್ ಮಗಳು. ಕೈಯಾಗಿನ ರಾಕೆಟ್ಟೂ ಬ್ಯಾರೇ ಮಂದೀದು. ನನ್ನ ಹೆಗಲಿಗಿ ಬರ್ತಿದ್ದಿಲ್ಲ. ಆಟ ಮುಗದ ಮ್ಯಾಲ ನೆಟ್ ಹತ್ರ ಬಂದು, 'ಅಕ್ಕಾ, ನೀ ಖರೇನೇ ನನ್ನ ವಯಸ್ಸಿನಾಕಿ ಏನು?' ಅಂದ್ಳು. ನಾ ಕೈ ಕೊಟ್ಟು ಹೊಂಟು ಬಂದೆ. ಸ್ಕಾಲರ್‌ಶಿಪ್ ನನಗ ಬಂತು. ಆಕಿ ಹೆಸರು ಆಮ್ಯಾಲ ಯಾವ ಪಟ್ಟೀ ಒಳಗೂ ಕಾಣಲಿಲ್ಲ."

"ಆಕಿ ಹೆಸರೇನ್ರಿ ಆಪಾ?"

ಕೇಳಿದವಳು ಪೂನಂ; ಫರ್ಹೀನ್ ಅವಳಿಗೆ ಆಪಾ, ಅಂದರೆ ಅಕ್ಕ. ಎರಡು ದಿನಗಳಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಸಂಘರತ್ನ."

ಪೂನಂ ಅಪ್ಪನ ಕಡೆ ತಿರುಗಿದಳು. "ಪಪ್ಪಾ, ಪೇಡಾ ತಿಂದ ಗೆಳತ್ಯಾರಿಗೆಲ್ಲ ನಾ ಏನ್ ಹೇಳ್ಲಿ? ಗೆದ್ದೆ ಅಂತ ಯಾರ ಮುಂದ ಹೇಳ್ಲಿ?"

ಧನರಾಜ ಜನನ ಪತ್ರವನ್ನು ಮಡಚಿ ಜೇಬಿಗೆ ತುರುಕಿಕೊಂಡು ಬೈಕು ಹತ್ತಿದರು. ಮಗಳನ್ನು ಕರೆಯುವುದನ್ನೇ ಮರೆತರು.

ನಾಲ್ಕನೆಯ ದಿನ ಹೊಸ ಅರ್ಜಿ ಬಂತು. ಹದಿನಾರರೊಳಗಿನ ವಿಭಾಗ; ಹುಟ್ಟಿದ ದಿನ ಪೇಡಾ ಹಂಚಿದ ದಿನವೇ. "ಸೋತು ಅತ್ರ ನೀವೇ ರಮಿಸಬೇಕು, ಮೇಡಂ. ಮನ್ಯಾಗ ನನ್ ಕೈಲಿ ಆಗಂಗಿಲ್ಲ," ಎಂದು ಧನರಾಜ ಬೇರೆ ಕಡೆ ನೋಡುತ್ತ ಹೇಳಿದರು. ಫರ್ಹೀನ್ ಸಹಿ ಹಾಕಿದಳು.

ಆ ದಿನ ಅಭ್ಯಾಸ ಮುಗಿದ ಮೇಲೆ ಪೂನಂ ಮೊಬೈಲು ಚಾಚಿದಳು. "ಸಂಘರತ್ನ ಅಂತ ಹುಡಕೀನಿ. ಇವರೇ ಏನ್ ನೋಡ್ರಿ ಆಪಾ. ಕಲಬುರ್ಗ್ಯಾಗ ಸಾಲಿ ಟೀಚರ್ ಅದಾರ." ಫೋಟೋದಲ್ಲಿ ಮಕ್ಕಳ ನಡುವೆ ನಿಂತಿದ್ದ ಹೆಂಗಸಿನ ಕೂದಲು ಅಲ್ಲಲ್ಲಿ ನೆರೆತಿತ್ತು. ಕಣ್ಣು ಮಾತ್ರ ನೆಟ್ಟಿನ ಆಚೆಯಿಂದ ನೋಡಿದ ಅದೇ ಕಣ್ಣು.

ಬಸವಕಲ್ಯಾಣದ ಅಂಚೆ ಕಚೇರಿಯಲ್ಲಿ ಸರದಿ ಉದ್ದವಿತ್ತು. ಫರ್ಹೀನ್ ಎದೆಗವಚಿಕೊಂಡಿದ್ದ ಡಬ್ಬಿಯಲ್ಲಿ ಹತ್ತಿ ತುಂಬಿ ಕಪ್ಪನ್ನಿಟ್ಟಿದ್ದಳು. ಮೇಲೊಂದು ಚೀಟಿ: 'ನೀನು ನೆಟ್ ಹತ್ತಿರ ಕೇಳಿದ್ದಕ್ಕೆ ಉತ್ತರ: ನಾನು ನಿನ್ನ ವಯಸ್ಸಿನವಳಾಗಿರಲಿಲ್ಲ. ನನಗೆ ಹದಿನೈದಾಗಿತ್ತು.' ಕೆಳಗೆ ತನ್ನ ಹೆಸರು, ದಾದಿ ಹೇಳಿದ ಹುಟ್ಟಿದ ದಿನ.

ಕಿಟಕಿಯೊಳಗಿನ ಗುಮಾಸ್ತೆ ಸುಮನಬಾಯಿ ಡಬ್ಬಿಯನ್ನು ತೂಕಕ್ಕಿಟ್ಟಳು.

"ಒಳಗೇನದರಿ?"

"ಮಂದಿ ಸಾಮಾನದರಿ," ಎಂದಳು ಫರ್ಹೀನ್. "ಇಷ್ಟ್ ದಿನ ನನ್ನ ಮನ್ಯಾಗ ಉಳದಿತ್ತು."